ಫಕೀರವ್ವ ಎಂಬ ಹೆಸರು

36 ವರ್ಷಗಳ ಕಾಲ ದಿನಕ್ಕೆರಡು ಸಲ ಹಾಜರಿ ಪುಸ್ತಕವನ್ನು ಗಟ್ಟಿಯಾಗಿ ಓದಿದವನು ನಾನು. ಹಿರೇಕೆರೂರ ತಾಲೂಕಿನ ಒಂದು ಹಳ್ಳಿಯಲ್ಲಿ ಸೇವೆಗೆ ಸೇರಿ, ಹಾನಗಲ್ಲ ಮತ್ತು ಸವಣೂರ ತಾಲೂಕುಗಳನ್ನು ಸುತ್ತಿ, ಕೊನೆಯ ವರ್ಷಗಳನ್ನು ಶಿಗ್ಗಾವಿ ತಾಲೂಕಿನಲ್ಲಿ ಕಳೆದೆ. ಆಗ ಇವೆಲ್ಲವೂ ಧಾರವಾಡ ಜಿಲ್ಲೆಯೊಳಗಿದ್ದವು; 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ಹಾಜರಿ ಪುಸ್ತಕದ ಹೆಸರುಗಳು ಬದಲಾಗಲಿಲ್ಲ. ದ್ಯಾಮವ್ವ, ದುರ್ಗವ್ವ, ಯಲ್ಲವ್ವ, ಗುಡ್ಡವ್ವ, ನೀಲವ್ವ, ಚನ್ನವ್ವ, ತಿಪ್ಪವ್ವ, ಸಾಕವ್ವ, ಫಕೀರವ್ವ. ಇವುಗಳನ್ನು ಓದುತ್ತ ಓದುತ್ತ, ಯಾವ ಮಗುವಿನ ಮನೆಯವರು ಯಾವ ಗುಡಿಗೆ ನಡೆದುಕೊಳ್ಳುತ್ತಾರೆ, ಯಾವ ಜಾತ್ರೆಗೆ ಚಕ್ಕಡಿ ಹೂಡುತ್ತಾರೆ ಎಂಬುದನ್ನು ಹೇಳಬಲ್ಲವನಾಗಿದ್ದೆ. ಯಲ್ಲವ್ವನ ಮನೆಯವರು ಸವದತ್ತಿಯ ಗುಡ್ಡಕ್ಕೆ, ಗುಡ್ಡವ್ವನ ಮನೆಯವರು ರಾಣೇಬೆನ್ನೂರ ಕಡೆಯ ದೇವರಗುಡ್ಡದ ಮಾಲತೇಶನಿಗೆ. ದ್ಯಾಮವ್ವನಾದರೋ ಊರೂರಿನ ಗ್ರಾಮದೇವತೆ. ಆಕೆಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಹೆಣ್ಣುಮಗುವಿನ ಹೆಸರೆಂದರೆ ಹೆಚ್ಚಾಗಿ ಒಂದು ಹರಕೆಯ ರಶೀದಿ.

ಈ ಮಾತನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗನಿಂದ ಫೋನು ಹಚ್ಚಿಸಿ ಮಾತನಾಡಿದಳು. ಏಳನೆಯ ಇಯತ್ತೆಯವರೆಗೆ ನಮ್ಮ ಶಾಲೆಯಲ್ಲಿ ಕಲಿತವಳು. ಈಗ ಅರವತ್ತರ ಸಮೀಪದ ಅಜ್ಜಿ. ಹೆಸರು ಫಕೀರವ್ವ. ಗಂಡ ತೀರಿಕೊಂಡ ಮೇಲೆ ವಿಧವಾ ವೇತನ ಬರುತ್ತಿತ್ತು. ಅದು ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ರೇಷನ್ ಕಾರ್ಡಿನಲ್ಲಿ ಆಕೆ ‘ಫಕ್ಕೀರವ್ವ’, ಆಧಾರ್ ಕಾರ್ಡಿನಲ್ಲಿ ‘ಫಕೀರವ್ವ’, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಪಕೀರವ್ವ’. ಯಂತ್ರದ ಲೆಕ್ಕದಲ್ಲಿ ಇವರು ಮೂವರು ಬೇರೆ ಬೇರೆ ಹೆಂಗಸರು. ಅಲೆದಾಡಿದ ಕಚೇರಿಯೊಂದರಲ್ಲಿ ಯಾರೋ ಕುಂಕುಮವಿಟ್ಟ ಆಕೆಯ ಹಣೆಯನ್ನೂ ಕಾಗದದ ಮೇಲಿನ ಹೆಸರನ್ನೂ ನೋಡಿ, “ನೀವು ಯಾವ ಪೈಕಿ? ಈ ಹೆಸರು ನಿಮಗ ಯಾಕ?” ಎಂದು ನಗೆಯಾಡಿದರಂತೆ. ಮಗನಿಗೆ ಅವಮಾನವೆನಿಸಿದೆ. ಹೇಗೂ ಅಫಿಡವಿಟ್ ಮಾಡಿಸಲೇಬೇಕು, ಕಾಗುಣಿತ ತಿದ್ದುವ ಬದಲು ಹೆಸರನ್ನೇ ಬದಲಿಸಿ ‘ಪವಿತ್ರಾ’ ಎಂದು ಮಾಡಿಸಿಬಿಡೋಣ ಎಂಬುದು ಅವನ ಹಟ.

ಆಕೆ ಕೇಳಿದ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ: “ಗುರುಗಳ, ಹೆಸರ ಬದಲೀ ಮಾಡೂದು ಆಮ್ಯಾಲ. ಮದಲ ನನ್ನ ಹೆಸರಿನ ಅರ್ಥ ಏನಂತ ಹೇಳ್ರಿ. ಅರವತ್ತು ವರ್ಷ ಹೊತ್ತೀನಿ, ಯಾರೂ ಹೇಳಿಲ್ಲ.”

“ಸ್ವಲ್ಪ ದಿನ ಕೊಡು ಯವ್ವಾ, ಸರಿಯಾಗಿ ಹೇಳತೀನಿ” ಎಂದೆ. ಆಕೆಗೆ ಹೇಳಿದ್ದನ್ನು ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರ ಅಜ್ಜಿಯ, ಅತ್ತೆಯ, ದೊಡ್ಡವ್ವನ ಹೆಸರೂ ಇದೇ ಆಗಿರುವುದರಿಂದ ಇದು ಆಕೆಯೊಬ್ಬಳ ವಿಷಯವಲ್ಲ.

ಈ ಹೆಸರಿನಲ್ಲಿ ಎರಡು ಮಾತುಗಳಿವೆ. ಹಿಂದಿನದನ್ನು ಮೊದಲು ನೋಡೋಣ. ‘ಅವ್ವ’ ಎಂದರೆ ತಾಯಿ. ಹಳಗನ್ನಡದ ‘ಅಬ್ಬೆ’ ಎಂಬ ಮಾತೇ ‘ಅವ್ವೆ’, ‘ಅವ್ವ’ ಎಂದು ಬೆಳೆದು ಬಂದಿದೆ. 1007ರ ಶಾಸನ ಕೊಂಡಾಡುವ, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆಯ ಹೆಸರಿನ ಕೊನೆಯಲ್ಲಿರುವ ‘ಅಬ್ಬೆ’ಯೂ, ನಮ್ಮ ಹಳ್ಳಿಯ ಫಕೀರವ್ವನ ಹೆಸರಿನ ಕೊನೆಯಲ್ಲಿರುವ ‘ಅವ್ವ’ನೂ ಒಂದೇ ಬೇರಿನವು. ಮೈಸೂರ ಕಡೆಯವರು ‘ಅಮ್ಮ’ ಎನ್ನುವಲ್ಲಿ ನಾವು ‘ಅವ್ವ’ ಎನ್ನುತ್ತೇವೆ. ತೊಟ್ಟಿಲಲ್ಲಿರುವ ಕೂಸಿಗೂ ‘ಅವ್ವ’ ಎಂದು ಕರೆಯುವ ಸೀಮೆ ನಮ್ಮದು. ಸಾವಿರ ವರ್ಷ ಸವೆದರೂ ಮಾನ ಕಳೆದುಕೊಳ್ಳದ ಮಾತು ಇದು. ಆದುದರಿಂದ ಅರ್ಧ ಹೆಸರು ಅಚ್ಚಗನ್ನಡದ್ದು ಎಂಬುದರಲ್ಲಿ ಯಾರಿಗೂ ತಕರಾರು ಇರಲಾರದು.

ಉಳಿದದ್ದು ‘ಫಕೀರ’. ಇದು ಅರಬ್ಬಿ ಭಾಷೆಯ ಮಾತು. ‘ಫಕ್ರ್’ ಎಂದರೆ ಬಡತನ, ಕೊರತೆ. ಆ ಬಡತನವನ್ನು ಉಳ್ಳವನು ಫಕೀರ. ಸೂಫಿ ಸಂತರು ಈ ಮಾತಿಗೆ ಬೇರೊಂದು ಹೊಳಪು ಕೊಟ್ಟರು. ಮನೆಯಲ್ಲಿ ಕಾಳಿಲ್ಲದವನು ಮಾತ್ರವಲ್ಲ, ದೇವರ ಮುಂದೆ ‘ನನ್ನದೆಂಬುದು ಏನೂ ಇಲ್ಲ’ ಎಂದು ನಿಲ್ಲಬಲ್ಲವನು ಅವರ ದೃಷ್ಟಿಯಲ್ಲಿ ಫಕೀರ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ತಿಮ್ಮಪ್ಪನಾಯಕ ಹೊನ್ನಿನ ಕೊಪ್ಪರಿಗೆ ದೊರೆತು ಕನಕನಾಯಕನಾದ, ಮುಂದೆ ನಾಯಕತನವನ್ನು ಬಿಟ್ಟು ಕನಕದಾಸನಾದ ಎಂದು ನಮ್ಮವರು ಹೇಳುತ್ತ ಬಂದಿದ್ದಾರೆ. ‘ದಾಸ’ ಎಂದರೆ ಆಳು. ನಾಯಕನಾಗಿದ್ದವನು ಆಳೆಂದು ಕರೆಸಿಕೊಂಡದ್ದನ್ನು ನಾವು ಹಿರಿಮೆಯೆಂದೇ ತಿಳಿದಿದ್ದೇವೆ. ‘ಫಕೀರ’ ಎಂಬ ಮಾತಿನ ಒಳಗಿರುವ ಹಿರಿಮೆಯೂ ಅದೇ ಬಗೆಯದು.

ಈ ಮಾತನ್ನು ಬೈಗುಳವಾಗಿ ಬಳಸಿದವರೂ ಇದ್ದಾರೆ. 1931ರಲ್ಲಿ ಚರ್ಚಿಲ್ ಅವರು ಗಾಂಧೀಜಿಯನ್ನು ಅರೆಬೆತ್ತಲೆ ಫಕೀರನೆಂದು ಹಂಗಿಸಿದರು. 1944ರಲ್ಲಿ ಗಾಂಧೀಜಿ ಅದೇ ಚರ್ಚಿಲರಿಗೆ ಬರೆದ ಪತ್ರದಲ್ಲಿ, ತಾವು ಬಹುಕಾಲದಿಂದ ಫಕೀರರಾಗಲು ಪ್ರಯತ್ನಿಸುತ್ತಿರುವುದಾಗಿಯೂ, ಆ ಮಾತನ್ನು ಹೊಗಳಿಕೆಯೆಂದೇ ತಿಳಿದಿರುವುದಾಗಿಯೂ ಹೇಳಿದರು. ಕಚೇರಿಯಲ್ಲಿ ನಗೆಯಾಡಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಹಾಗಾದರೆ ಅರಬ್ಬಿಯ ಮಾತು ನಮ್ಮ ಹಳ್ಳಿಯ ತೊಟ್ಟಿಲಿಗೆ ಬಂದದ್ದು ಹೇಗೆ? ದಾರಿ ಬಹಳ ದೂರದ್ದಲ್ಲ. ಶಿಗ್ಗಾವಿ ಮತ್ತು ಸವಣೂರ ತಾಲೂಕುಗಳ ಮಗ್ಗುಲಿಗೇ, ಇಂದಿನ ಗದಗ ಜಿಲ್ಲೆಯಲ್ಲಿ, ಶಿರಹಟ್ಟಿ ಇದೆ. ಅಲ್ಲಿಯ ಫಕೀರೇಶ್ವರ ಮಠ ಹಿಂದೂಗಳೂ ಮುಸಲ್ಮಾನರೂ ಸಮನಾಗಿ ನಡೆದುಕೊಳ್ಳುವ ಮಠ. ವಿಜಯಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಕೃಪೆಗೆ ಪಾತ್ರನಾದ ಚನ್ನವೀರನೆಂಬ ಬಾಲಕನೇ ಫಕೀರ ಚನ್ನವೀರನಾಗಿ ಈ ಮಠದ ಮೂಲಪುರುಷನಾದನೆಂಬುದು ಪರಂಪರೆಯ ಕಥೆ. ಅಮೀನುದ್ದೀನರು 17ನೆಯ ಶತಮಾನದವರು. ಅಂದಿನಿಂದ ಮಠದ ಸ್ವಾಮಿಗಳ ಹೆಸರುಗಳಲ್ಲಿ ಮೊದಲು ‘ಫಕೀರ’, ಅನಂತರ ‘ಚನ್ನವೀರ’ ಅಥವಾ ‘ಸಿದ್ಧರಾಮ’ ಎಂಬಂತಹ ಶರಣರ ಹೆಸರು. ಗುರುವಿನ ಹೆಸರಿನಲ್ಲಿಯೇ ಎರಡು ಧರ್ಮಗಳು ಕೂಡಿ ಕುಳಿತಿರುವಾಗ, ಭಕ್ತರ ಮಕ್ಕಳು ಫಕೀರಪ್ಪ, ಫಕೀರವ್ವ, ಫಕೀರಗೌಡ ಆದದ್ದರಲ್ಲಿ ಆಶ್ಚರ್ಯವೇನಿದೆ? ನಮ್ಮ ಸೀಮೆಯಲ್ಲಿ ಒಕ್ಕಲಿಗರಲ್ಲಿ, ಕುರುಬರಲ್ಲಿ, ದಲಿತರಲ್ಲಿ, ಲಿಂಗಾಯತರಲ್ಲಿ ಈ ಹೆಸರನ್ನು ಕಂಡಿದ್ದೇನೆ. ಜಾತಿಯ ಗುರುತು ಹಚ್ಚಲಾಗದ ಹೆಸರುಗಳು ನಮ್ಮಲ್ಲಿ ಬಹಳಿಲ್ಲ, ಇದು ಅಂತಹದೊಂದು.

ಇನ್ನು ಶಿಗ್ಗಾವಿ ತಾಲೂಕಿನ ಹುಲಗೂರಿನ ದರ್ಗಾ. ಅಲ್ಲಿಯ ಖಾದರಿ ಸಂತರಿಗೆ ಹರಕೆ ಹೊತ್ತ ಮೇಲೆಯೇ ಶಿಶುವಿನಾಳದ ಇಮಾಮಸಾಹೇಬ ಮತ್ತು ಹಜ್ಜೂಮಾ ದಂಪತಿಗಳಿಗೆ 1819ರಲ್ಲಿ ಗಂಡುಮಗು ಹುಟ್ಟಿತೆಂದು ಜನ ನಂಬುತ್ತಾರೆ. ಆ ಮಗುವೇ ಶಿಶುನಾಳ ಶರೀಫ. ಕೆಲಕಾಲ ಶಾಲಾ ಮಾಸ್ತರನಾಗಿದ್ದವನು, ಅಂದರೆ ನಮ್ಮ ವೃತ್ತಿಬಾಂಧವ! ಆತ ಗುರುವಾಗಿ ಹಿಡಿದದ್ದು ಕಳಸದ ಗೋವಿಂದಭಟ್ಟರನ್ನು. ಅಲಾವಿ ಹಬ್ಬದ ದಿನಗಳಲ್ಲಿ ಮಕ್ಕಳು ಫಕೀರರಾಗುವ ಹರಕೆಯನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ, ಕೆಲವರು ಸ್ವತಃ ಆಗಿದ್ದೀರಿ ಕೂಡ. ಕೊರಳಿಗೆ ಕೆಂಪು ಲಾಡಿ, ಹೆಗಲಿಗೆ ಜೋಳಿಗೆ, ಐದು ಮನೆಯ ಭಿಕ್ಷೆ. ಗೌಡರ ಮನೆಯ ಹುಡುಗನಾದರೂ ಆ ದಿನಗಳಲ್ಲಿ ಬೇಡಿಯೇ ಉಣ್ಣಬೇಕು. ಒಬ್ಬನೂ ಮುಸಲ್ಮಾನನಿಲ್ಲದ ಹಳ್ಳಿಗಳಲ್ಲಿಯೂ ಅಲಾವಿಯ ಕುಣಿ ತೋಡಿ, ಪಂಜಾ ಕೂಡ್ರಿಸಿ, ಹೆಜ್ಜೆಮೇಳ ಕಟ್ಟಿ ಕುಣಿಯುತ್ತಿದ್ದ ಜನರಿಗೆ ‘ಫಕೀರ’ ಹೊರಗಿನ ಮಾತಾಗಿರಲಿಲ್ಲ.

ಈಗ ನನ್ನ ವಿದ್ಯಾರ್ಥಿನಿಯ ಹೆಸರಿನ ಕಥೆ. ಆಕೆಯನ್ನು ಶಾಲೆಗೆ ಸೇರಿಸಲು ಬಂದಿದ್ದ ತಾಯಿಯ ನೆನಪು ನನಗಿದೆ. ಹುಟ್ಟಿದ ತಾರೀಖು ಕೇಳಿದಾಗ ಆ ತಾಯಿ, “ಆಗಿ ಹುಣ್ಣಿವಿ ಮುಂದ ಹುಟ್ಟೈತ್ರಿ, ಅಜ್ಜನ ಜಾತ್ರಿ ವ್ಯಾಳ್ಯಾಕ್ಕ” ಎಂದಿದ್ದಳು. ಶಿರಹಟ್ಟಿಯ ಜಾತ್ರೆ ವೈಶಾಖದ ಆಗಿ ಹುಣ್ಣಿಮೆಯ ಸುಮಾರಿಗೆ ಆಗುತ್ತದೆ. ಈ ಮಗುವಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಮೂರನೆಯ ಬಾರಿ ಬಸಿರಾದಾಗ ಆ ತಾಯಿ ಶಿರಹಟ್ಟಿಗೆ ನಡೆದುಕೊಂಡೇ ಹೋಗಿ, “ಇದೊಂದು ಉಳಿದರ ನಿನ್ನ ಹೆಸರ ಇಡತೇನು” ಎಂದು ಬೇಡಿಕೊಂಡು ಬಂದಿದ್ದಳು. ಕೂಸು ಉಳಿಯಿತು. ಹೆಣ್ಣಾಯಿತೆಂದು ಆಕೆ ಮಾತು ತಪ್ಪಲಿಲ್ಲ. ಸೋದರತ್ತೆ ತೊಟ್ಟಿಲ ಬಳಿ ಬಾಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರನ್ನು ಉಸುರಿದಳು. ಸುತ್ತಲಿದ್ದ ಹೆಂಗಸರು ಆಕೆಯ ಬೆನ್ನಿಗೆ ಗುದ್ದಿ ನಕ್ಕರು.

ಆದುದರಿಂದ ‘ಫಕೀರವ್ವ’ ಎಂಬ ಹೆಸರಿನ ನಿಘಂಟಿನ ಅರ್ಥ ‘ಬಡತನವನ್ನು ವರಿಸಿದ ತಾಯಿ’ ಎಂದಿರಬಹುದು. ಆದರೆ ಆಕೆಯ ತಾಯಿಯ ಬಾಯಲ್ಲಿ ಅದರ ಅರ್ಥ ಬೇರೆ: ‘ಇವಳನ್ನು ನಾನು ಬೇಡಿ ಪಡೆದಿದ್ದೇನೆ, ಇವಳು ನನ್ನ ಜೋಳಿಗೆಗೆ ಬಿದ್ದ ಭಿಕ್ಷೆ.’

ಇಲ್ಲಿ ಒಂದು ಸಂದೇಹಕ್ಕೆ ಉತ್ತರ ಹೇಳಬೇಕು. ‘ಕನ್ನಡದ್ದಲ್ಲದ, ನಮ್ಮದಲ್ಲದ ಹೆಸರು’ ಎಂಬುದು ಮಗನ ಆಕ್ಷೇಪ. ಅವನಿಗೆ ನಾನು ಹಾನಗಲ್ಲ ಎಂಬ ಊರ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದ ಗಂಗೂಬಾಯಿಯವರ ಉದಾಹರಣೆ ಹೇಳಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಗಾಂಧಾರಿ. ಆರಂಭದ ಗ್ರಾಮಫೋನ್ ತಟ್ಟೆಗಳು ಆ ಹೆಸರಿನಿಂದಲೇ ಬಂದವು. ಗಂಗೂಬಾಯಿ ಎಂಬುದು ಆಮೇಲಿನದು. ಗಾಂಧಾರಿ ಎಂದರೆ ಗಾಂಧಾರ ದೇಶದವಳು. ಆ ಗಾಂಧಾರ ಇಂದಿನ ಪಾಕಿಸ್ತಾನದ ಪೇಶಾವರದ ಸುತ್ತಣ ನಾಡು. ಅಷ್ಟು ದೂರದ ಸೀಮೆಯ ಹೆಸರು ವ್ಯಾಸರ ಮೂಲಕ ಬಂದು ನಮ್ಮ ಮನೆಯದಾಯಿತು, ಸಂಗೀತದಲ್ಲಿ ಒಂದು ಸ್ವರದ ಹೆಸರೂ ‘ಗಾಂಧಾರ’ವೇ ಆಯಿತು. ಗಾಂಧಾರಿ ನಮ್ಮವಳಾಗುವುದಾದರೆ, ಪಕ್ಕದ ಶಿರಹಟ್ಟಿಯಿಂದ ಬಂದ ಫಕೀರವ್ವ ಹೊರಗಿನವಳು ಹೇಗಾದಾಳು?

ಅವನು ಸುಮ್ಮನಿದ್ದ. ಆಗ ಸವಣೂರಿನ ದೊಡ್ಡಹುಣಸೆ ಮರಗಳ ಮಾತು ತೆಗೆದೆ. ಕಲ್ಮಠದ ಆವರಣದಲ್ಲಿರುವ ಆ ಭಾರಿ ಮರಗಳನ್ನು ನೋಡಲು ನಾವು ಶಾಲೆಯಿಂದ ಮಕ್ಕಳನ್ನು ಕರೆದೊಯ್ಯುತ್ತಿದ್ದೆವು. ಕೈ ಕೈ ಹಿಡಿದು ಬೊಡ್ಡೆಯನ್ನು ಸುತ್ತುವರಿಯಲು ಒಂದು ತರಗತಿಯ ಮಕ್ಕಳೇ ಬೇಕಾಗುತ್ತಿತ್ತು. ಅವು ಹುಣಸೆಯ ಜಾತಿಯವೇ ಅಲ್ಲ. ಆಫ್ರಿಕಾ ಮೂಲದ ಬಾವೋಬಾಬ್ ಮರಗಳು. ಯಾರು ತಂದು ನೆಟ್ಟರೋ, ನಮ್ಮ ಜನ ಅವುಗಳಿಗೆ ‘ದೊಡ್ಡಹುಣಸೆ’ ಎಂದು ಹೆಸರಿಟ್ಟು ತಮ್ಮವಾಗಿಸಿಕೊಂಡರು. ಮಠಕ್ಕೇ ‘ದೊಡ್ಡಹುಣಸೆ ಕಲ್ಮಠ’ವೆಂಬ ಹೆಸರಾಯಿತು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿದಾಗ, ಪರದೇಶದ ಮರ ಹೋದರೆ ಹೋಗಲಿ ಎಂದು ಯಾರೂ ಸುಮ್ಮನೆ ಕೂಡಲಿಲ್ಲ. ಅದನ್ನು ಮತ್ತೆ ಎತ್ತಿ ನೆಟ್ಟು ಉಳಿಸಿಕೊಳ್ಳಲು ಹೆಣಗಿದರು. ಅರಬ್ಬಿಯ ‘ಫಕೀರ’ನಿಗೆ ‘ಅವ್ವ’ನನ್ನು ಜೋಡಿಸಿದ್ದೂ ಇಂತಹದೇ ಕೆಲಸ. ಕನ್ನಡದ ಬಾಯಿಗೆ ‘ಫ’ಕಾರ ಹಗುರವಲ್ಲ, ಆದ್ದರಿಂದಲೇ ಕೆಲವರ ಬಾಯಲ್ಲಿ ಅದು ‘ಪಕೀರವ್ವ’. ಕಕಾರವನ್ನು ಒತ್ತಿ ಹೇಳುವುದು ನಮ್ಮ ರೂಢಿ, ಆದ್ದರಿಂದ ‘ಫಕ್ಕೀರವ್ವ’. ಮೂರು ಕಾಗದಗಳಲ್ಲಿ ಮೂರು ಬಗೆಯಾಗಿ ಕಾಣುವುದು ಮೂವರು ಹೆಂಗಸರಲ್ಲ, ಒಂದು ಮಾತು ಕನ್ನಡವಾಗುತ್ತ ನಡೆದ ದಾರಿಯ ಮೂರು ಹೆಜ್ಜೆಗಳು. ಇದನ್ನು ಯಂತ್ರಕ್ಕೆ ತಿಳಿಸಿ ಹೇಳಲಾಗದು ಎಂಬುದಷ್ಟೇ ಕಷ್ಟ.

ಹಾಗೆಂದು ಯಾವ ಹೆಸರನ್ನೂ ಬದಲಿಸಬಾರದೆಂದು ಹಟ ಹಿಡಿಯುವವನಲ್ಲ ನಾನು. ಹೆಸರುಗಳಲ್ಲಿ ಎರಡು ಬಗೆ. ತಿಪ್ಪವ್ವ ಎಂಬ ಹೆಸರನ್ನು ಕೇಳಿ ಪಟ್ಟಣದವರು ಮೂಗು ಮುರಿಯುತ್ತಾರೆ. ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ‘ಇದು ಕಸ, ಇದನ್ನು ಒಯ್ಯಬೇಡ’ ಎಂದು ಸಾವಿಗೆ ಸುಳ್ಳು ಹೇಳಿ ಇಟ್ಟ ಹೆಸರು ಅದು. ಒರಟು ಮಾತಿನೊಳಗೆ ಅಂಜಿದ ತಾಯಿಯ ಅಂತಃಕರಣವಿದೆ. ಆದರೆ ಸಾಕವ್ವ? ಕನ್ನಡದ ‘ಸಾಕು’ ಎಂಬ ಮಾತಿಗೆ ಸಲಹು ಎಂಬ ಅರ್ಥವೂ ಉಂಟು, ‘ಇನ್ನು ಬೇಡ’ ಎಂಬ ಅರ್ಥವೂ ಉಂಟು. ನಾಲ್ಕನೆಯ, ಐದನೆಯ ಹೆಣ್ಣಿಗೆ ಈ ಹೆಸರಿಟ್ಟವರ ಮನಸ್ಸಿನಲ್ಲಿ ಯಾವ ಅರ್ಥವಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ‘ನಕುಸಾ’ ಎಂಬ ಹೆಸರಿದೆ; ‘ಬೇಡವಾದವಳು’ ಎಂದೇ ಅರ್ಥ. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರಿನ 280ಕ್ಕೂ ಹೆಚ್ಚು ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರುಗಳನ್ನು ಕೊಡಲಾಯಿತು. ಅದು ಸರಿಯಾದ ಕೆಲಸ. ಹುಟ್ಟಿದ ಮಗುವನ್ನೇ ನೋಯಿಸುವ ಹೆಸರನ್ನು ಕಳಚಿ ಒಗೆಯಬೇಕು.

ಫಕೀರವ್ವ ಆ ಸಾಲಿಗೆ ಸೇರಿದವಳಲ್ಲ. ನಕುಸಾ ಬೇಡವಾದವಳು, ಫಕೀರವ್ವ ಬೇಡಿ ಪಡೆದವಳು. ಕನ್ನಡದಲ್ಲಿ ‘ಬೇಡ’ ಮತ್ತು ‘ಬೇಡು’ ಎಂಬ ಎರಡು ಮಾತುಗಳ ನಡುವೆ ಇರುವುದು ಒಂದು ಕೊಂಬಿನ ಅಂತರ. ಆದರೆ ಒಬ್ಬ ಹೆಣ್ಣುಮಗಳ ಬದುಕಿನಲ್ಲಿ ಅದು ಎಷ್ಟು ದೊಡ್ಡ ಅಂತರ! ಇಲ್ಲಿ ನೋಯಿಸುತ್ತಿರುವುದು ಹೆಸರಲ್ಲ, ಹೆಸರಿನ ಕಥೆಯನ್ನು ಮರೆತವರ ಕಣ್ಣು. ಕಣ್ಣಿನ ದೋಷಕ್ಕೆ ಹೆಸರಿಗೆ ಶಿಕ್ಷೆ ಕೊಡುವುದು ನ್ಯಾಯವೆ?

ಇದನ್ನೆಲ್ಲ ಆಕೆಗೆ ನಮ್ಮ ಮಾತಿನಲ್ಲಿಯೇ, ನಿಧಾನವಾಗಿ ಹೇಳಿದೆ. ತೀರ್ಮಾನ ನಿನ್ನದು, ಬದಲಿಸಿದರೂ ನನ್ನ ಬೇಸರವಿಲ್ಲ ಎಂದೂ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ, “ನಮ್ಮವ್ವ ನಡಕೋಂತ ಹೋಗಿದ್ಲಂತ ನನಗ ಗೊತ್ತಿರಲಿಲ್ರಿ. ನನಗ ಹೇಳೂದರಾಗ ಹೋಗಿಬಿಟ್ಲು” ಎಂದಳು. ತಾಯಿ ಹೇಳದೆ ಉಳಿಸಿದ ಮಾತು ಶಾಲೆಯ ಮಾಸ್ತರನ ನೆನಪಿನಲ್ಲಿ ಕುಳಿತು ಐದು ದಶಕಗಳ ಮೇಲೆ ಮಗಳಿಗೆ ಮುಟ್ಟಿತು. ಮೂರು ಕಾಗದಗಳಲ್ಲಿಯೂ ಒಂದೇ ಕಾಗುಣಿತ ಬರುವಂತೆ ಆಕೆ ಅಫಿಡವಿಟ್ ಮಾಡಿಸಿದಳು. ಹೆಸರು ಹಾಗೆಯೇ ಉಳಿಯಿತು. ಎರಡು ತಿಂಗಳ ತರುವಾಯ ವೇತನವೂ ಬಂತು. ಮಗ ಈಗಲೂ ಪೂರ್ತಿ ಒಪ್ಪಿದವನಲ್ಲ; ಆದರೆ ಅವನ ಮಗಳು ಅಜ್ಜಿಯ ಹೆಸರಿನ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಾಳಂತೆ.

ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ಪದ್ಧತಿ ನಮ್ಮಲ್ಲಿ ಇತ್ತು. ಈಗ ಅದು ಕ್ಷೀಣಿಸುತ್ತಿದೆ. ನಿಮ್ಮ ಮನೆಯ ಹೊಸ ಕೂಸುಗಳಿಗೆ ನಿಮಗೆ ಚೆಂದ ಕಂಡ ಹೆಸರನ್ನೇ ಇಡಿರಿ. ಕಾಲಕ್ಕೆ ತಕ್ಕ ಹೆಸರುಗಳು ಬೇಕು. ನನ್ನದೊಂದೇ ವಿನಂತಿ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೋ, ಅಜ್ಜಿಯೋ, ದೊಡ್ಡವ್ವನೋ ಇದ್ದರೆ, ಈ ಸಲ ಊರಿಗೆ ಹೋದಾಗ ಅವರ ಬಳಿ ಕುಳಿತು, “ನಿನಗ ಈ ಹೆಸರ ಯಾಕ ಇಟ್ರು?” ಎಂದು ಕೇಳಿರಿ. ಯಾವ ಜಾತ್ರೆ, ಯಾವ ಹರಕೆ, ಯಾರು ಕಿವಿಯಲ್ಲಿ ಉಸುರಿದರು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದಿಡಿರಿ. ರೇಷನ್ ಕಾರ್ಡಿನಲ್ಲಿ ಹೆಸರಷ್ಟೇ ಇರುತ್ತದೆ. ಆ ಹೆಸರಿಗಾಗಿ ಬರಿಗಾಲಲ್ಲಿ ನಡೆದವರ ವಿಷಯ ಅದರಲ್ಲಿ ಇರುವುದಿಲ್ಲ.